ಭಾರ ಬೀಳುವ ಜಾಗ

ನನ್ನ ತಮ್ಮ ಪಂಪಾಪತಿ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ಗಿರಣಿಗೆ ಸೇರಿ ಒಂದೂವರೆ ವರ್ಷವಾಗುತ್ತ ಬಂತು. ಅದಕ್ಕೂ ಮೊದಲು ಇಪ್ಪತ್ತು ವರ್ಷ ವಾಯುಪಡೆಯಲ್ಲಿದ್ದ. ಅಲ್ಲಿಂದ ನಿವೃತ್ತನಾಗಿ ಬಂದ ಮೇಲೆ ಆರು ವರ್ಷ ಬೇರೆ ಜಿಲ್ಲೆಯ ಒಂದು ವಿಮಾನ ತರಬೇತಿ ಶಾಲೆಯಲ್ಲಿ ವಿಮಾನಗಳ ತಪಾಸಣೆ ಮಾಡುತ್ತಿದ್ದ. ಗಿರಣಿಯ ಹಮಾಲರ ಬಾಯಲ್ಲಿ ಅವನು ‘ಇಮಾನದ ಪಂಪಣ್ಣ’.

“ಪಂಪಣ್ಣ, ಭತ್ತ ಎತ್ತೂ ಈ ಎಲಿವೇಟರ್ ಯಾವಾಗ ಹಾರ್ತದ್ರಿ?” ಎಂದು ಅವರು ಕಾಲೆಳೆದರೆ ಅವನು ನಗುವುದಿಲ್ಲ.

“ಮ್ಯಾಲಿನ ಶಾಫ್ಟ್ ತುಂಡಾದ ದಿನ ಹಾರ್ತದ, ನಿನ್ನ ತಲಿ ಮ್ಯಾಲ. ಅಲ್ಲಿಂದ ಸರಿದು ನಿಂದ್ರು” ಎನ್ನುತ್ತಾನೆ.

ಅವನದು ಕಡಿಮೆ ಮಾತು. ಒಂದು ವಿಷಯ ಎತ್ತಿದರೆ ಮಾತ್ರ ನಿಲ್ಲಿಸುವುದಿಲ್ಲ. ಅದು ಬಂದ ಕೂಡಲೇ ಅವನ ಹೆಂಡತಿ ಗಂಗಾದೇವಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ನಾನು ಕೂತು ಕೇಳುತ್ತೇನೆ. ಕೇಳಿ ಕೇಳಿ ನನಗೂ ಆ ಸಂಗತಿ ಅಷ್ಟಿಷ್ಟು ತಿಳಿದಿದೆ.

ಲೋಹಕ್ಕೂ ದಣಿವಿದೆ. ಒಂದೇ ಸಲ ದೊಡ್ಡ ಭಾರ ಬಿದ್ದು ಮುರಿಯುವುದು ಬೇರೆ. ತಾಳಿಕೊಳ್ಳಬಲ್ಲಷ್ಟೇ ಭಾರ ಸಾವಿರಾರು ಸಲ ಬಿದ್ದು, ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ತಟ್ಟನೆ ಮುರಿಯುವುದು ಬೇರೆ. ಮನೆ ಕಟ್ಟುವವರು ಕಂಬಿ ಬಿಗಿಯುವ ತಂತಿಯನ್ನು ಅವನು ನನ್ನ ಕೈಗೆ ಕೊಟ್ಟು, “ಎಳಿ, ಹರೀತದೇನು ನೋಡು” ಎಂದ. ಹರಿಯಲಿಲ್ಲ. “ಈಗ ಅತ್ತ ಇತ್ತ ಬಗ್ಗಿಸು” ಎಂದ. ಹನ್ನೊಂದನೆಯ ಸಲಕ್ಕೆ ಎರಡು ತುಂಡಾಯಿತು.

ತರಬೇತಿ ಶಾಲೆಯಲ್ಲಿ ಒಂದೇ ಮಾದರಿಯ ಐದು ಸಣ್ಣ ವಿಮಾನಗಳಿದ್ದವು. ಅವುಗಳಲ್ಲಿ ಚಕ್ರದ ಕಾಲನ್ನು ರೆಕ್ಕೆಗೆ ಹಿಡಿದಿಡುವ ಅಂಗೈಯಗಲದ ಅಲ್ಯೂಮಿನಿಯಂ ಬ್ರಾಕೆಟ್ ಇರುತ್ತದೆ. ವಿಮಾನ ಇಳಿದಾಗ ನೆಲದ ಪೆಟ್ಟೆಲ್ಲ ಬೀಳುವುದು ಅದಕ್ಕೇ. ಸಾವಿರ ಗಂಟೆ ಹಾರಿದ ಮೇಲೊಮ್ಮೆ ಅದರಲ್ಲಿ ಬಿರುಕು ಇದೆಯೇ ಎಂದು ನೋಡಬೇಕೆಂದು ನಿಯಮ. ಊರಿಂದ ಊರಿಗೆ ಹೋಗುವ ವಿಮಾನಕ್ಕೆ ಆ ಲೆಕ್ಕ ಸರಿ. ತರಬೇತಿಯ ವಿಮಾನ ಏರುತ್ತದೆ, ಒಂದು ಸುತ್ತು ಹಾಕುತ್ತದೆ, ಇಳಿಯುತ್ತದೆ, ನಿಲ್ಲದೆ ಮತ್ತೆ ಏರುತ್ತದೆ. ಕಲಿಯುವವರು ನೆಲಕ್ಕೆ ಮೆತ್ತಗೆ ಮುಟ್ಟಿಸುವುದೂ ಇಲ್ಲ.

“ತಾಸಿಗೆ ಏಳು ಸಲ ಯಕ್ಕಾ. ಸಾವಿರ ತಾಸಿಗೆ ಏಳು ಸಾವಿರ ಏಟು. ತಾಸು ಎಣಿಸಿ ಏನು ಮಾಡ್ತಾರ ಇವರು? ಏಟು ಎಣಿಸಬೇಕು.”

ಎರಡು ದಸರಾದ ಹಿಂದಿನ ಮಾತು. ಶಾಲೆಯಲ್ಲಿ ಆಯುಧಪೂಜೆ ಇತ್ತು. ವಿಮಾನಗಳಿಗೆ ಹೂವಿನ ಹಾರ ಹಾಕಿ ಮೂತಿಗೆ ಕುಂಕುಮ ಹಚ್ಚಿದರು. ನಮ್ಮ ಮನೆಯ ಪದ್ಧತಿ ಹಾಗಲ್ಲ. ಸಾಲಗುಂದದಲ್ಲಿ ನಮ್ಮವ್ವ ಯಮನಮ್ಮ ಪೂಜೆಗೆ ಕೂತರೆ ನೊಗದ ಮೇಲ್ಭಾಗಕ್ಕೆ ಕುಂಕುಮ ಇಡುತ್ತಿರಲಿಲ್ಲ, ಎತ್ತಿನ ಹೆಗಲು ತಾಗುವ ಒಳಭಾಗಕ್ಕೆ ಇಡುತ್ತಿದ್ದಳು. ಬಂಡಿಯಾದರೆ ಅಚ್ಚು ಗಾಲಿಯೊಳಗೆ ಹೋಗುವ ಜಾಗಕ್ಕೆ. “ಭಾರ ಬೀಳೂ ಜಾಗಕ್ಕ ಹಚ್ರೋ, ಚಂದ ಕಾಣೂ ಜಾಗಕ್ಕಲ್ಲ” ಎಂದು ನಮಗಿಬ್ಬರಿಗೂ ಗದರುತ್ತಿದ್ದಳು. ನಾನು ಇಂದಿಗೂ ಬೀಸುವ ಕಲ್ಲಿನ ಗೂಟಕ್ಕೇ ಹಚ್ಚುತ್ತೇನೆ. ಪಂಪಾಪತಿಯೂ ಪ್ರತಿ ವರ್ಷದಂತೆ ವಿಮಾನದ ಹೊಟ್ಟೆಯ ಕೆಳಗೆ ನುಸುಳಿ ಐದೂ ವಿಮಾನಗಳ ಬ್ರಾಕೆಟ್‌ಗಳಿಗೆ ಬೆರಳಿನಿಂದ ಕುಂಕುಮ ಹಚ್ಚಿದ. ಯಾರೋ ಆ ಫೋಟೋ ತೆಗೆದು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಎಲ್ಲರೂ ಕೈಮುಗಿಯುವ ಚಿಹ್ನೆ ಕಳಿಸಿದರು.

ನಾಲ್ಕು ದಿನಕ್ಕೆ ಮೂರನೇ ನಂಬರಿನ ವಿಮಾನ ಸಾವಿರ ಗಂಟೆ ಮುಟ್ಟಿತು. ಪಂಪಾಪತಿ ಬ್ರಾಕೆಟ್ಟನ್ನು ದ್ರಾವಣದಿಂದ ತೊಳೆದು, ತಪಾಸಣೆಯ ಕೆಂಪು ಬಣ್ಣ ಹಚ್ಚಿ, ಕಾದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದ. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ. ಎಡಗಡೆಯ ಬ್ರಾಕೆಟ್‌ನಲ್ಲಿ ಬೋಲ್ಟಿನ ತೂತಿನ ಪಕ್ಕ ಒಂದು ಗೆರೆ ಬಂತು. ಸೋನಾ ಅಕ್ಕಿಯ ಒಂದು ಕಾಳಿನಷ್ಟು ಉದ್ದ.

ಮುಖ್ಯ ಎಂಜಿನಿಯರ್ ಶಿವಪ್ರಸಾದ ಬಗ್ಗಿ ನೋಡಿ ನಕ್ಕರಂತೆ. “ಏನ್ರೀ ಪಂಪಾಪತಿ, ಮೊನ್ನೆ ನೀವೇ ಹಚ್ಚಿದ ಕುಂಕುಮ ಇವತ್ತು ನಿಮ್ಮನ್ನೇ ಹೆದರಿಸ್ತಾ ಇದೆಯಲ್ಲ!”

ಸುತ್ತ ನಿಂತಿದ್ದವರೂ ನಕ್ಕರು. ಪಂಪಾಪತಿ ಒರೆಸಿ, ತೊಳೆದು, ಮೊದಲಿನಿಂದ ಮಾಡಿದ. ಗೆರೆ ಮತ್ತೆ ಬಂತು. “ಸಂದಿಯಲ್ಲಿ ಕೂತ ಪುಡಿ ಅಷ್ಟು ಬೇಗ ಹೋಗುತ್ತಾ?” ಎಂದರು ಶಿವಪ್ರಸಾದ.

ಆಗ ಪಂಪಾಪತಿ ಇನ್ನೊಂದು ಬಗೆಯ ಬಣ್ಣ ತಂದ. ಅದು ವಿಶೇಷ ದೀಪದ ಕೆಳಗೆ ಹಸಿರಾಗಿ ಹೊಳೆಯುತ್ತದೆ. ಕುಂಕುಮ ಹಾಗೆ ಹೊಳೆಯುವುದಿಲ್ಲ. ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ಲಿಂಗಸುಗೂರಿನ ಜಾವೀದ್ ದೀಪ ಹಿಡಿದ. ಮೇಲೆ ತಾಡಪತ್ರಿ ಹೊದ್ದು ಇಬ್ಬರೂ ನೋಡಿದರು. ಗೆರೆ ಹಸಿರಾಗಿ ಹೊಳೆಯಿತು.

“ಕೂದಲೆಳಿ ಹಂಗ ಬರಾಬರ್ ಕಾಣಾಕತ್ತದಣ್ಣ” ಎಂದನಂತೆ ಜಾವೀದ್. ಶಿವಪ್ರಸಾದ ನೋಡಲು ಬರಲಿಲ್ಲ. ಊಟವಾಗಲಿ, ನಾಳೆಯಾಗಲಿ ಎಂದರು. ಮರುದಿನ ಪಂಪಾಪತಿಯ ವಾರದ ರಜೆ. ಅದರ ಮರುದಿನ ಹೋಗಿ ನೋಡಿದರೆ ವಿಮಾನಕ್ಕೆ ಹೊಸ ಬ್ರಾಕೆಟ್ ಕೂತಿತ್ತು. ಹಳೆಯದು ಗುಜರಿಗೆ ಹೋಗಿತ್ತು. ದಾಖಲೆ ಪುಸ್ತಕದಲ್ಲಿ ‘ಮೇಲ್ಮೈಯಲ್ಲಿ ಕಲೆ, ಸ್ವಚ್ಛಗೊಳಿಸಲಾಗಿದೆ, ಮುಂಜಾಗ್ರತೆಗಾಗಿ ಭಾಗ ಬದಲಿಸಲಾಗಿದೆ’ ಎಂದು ಬರೆದಿತ್ತು.

“ಬದಲಿ ಮಾಡಿದ್ರಲ್ಲೋ, ಒಳ್ಳೇದಾತಲ್ಲ?” ಎಂದು ನಾನು ಆಗ ಕೇಳಿದ್ದೆ.

ಅವನು ಹಣೆ ಚಚ್ಚಿಕೊಂಡ. “ಮೂರನೇ ನಂಬರಿಗೆ ಒಳ್ಳೇದಾತು. ಉಳಿದ ನಾಲ್ಕಕ್ಕ? ದೇಶದಾಗ ಇದ ಮಾದರಿ ವಿಮಾನ ಇನ್ನೆಷ್ಟು ಅದಾವು? ‘ಬಿರುಕು’ ಅಂತ ಬರದ್ರ ದಿಲ್ಲಿಗೆ ವರದಿ ಹೋಗ್ತದ. ದಿಲ್ಲಿಯವರು ಎಲ್ಲಾ ಕಡೆ ನೋಡ್ರಿ ಅಂತಾರ, ನಿಯಮ ಬದಲಿ ಮಾಡ್ತಾರ. ‘ಕಲೆ’ ಅಂತ ಬರದ್ರ ಅಲ್ಲೀಗೆ ಮುಗೀತು. ನಮ್ಮ ಸಾಲಿಯವರಿಗೆ ಐದೂ ವಿಮಾನ ನಿಲ್ಲಿಸೂದು ಬ್ಯಾಡ, ಪರೀಕ್ಷಾ ಟೈಮು. ಅದಕ್ಕ ಕಲೆ!”

ಅಂದಿನಿಂದ ಅವನಿಗೆ ಬೇಕಾದದ್ದು ಇಷ್ಟೇ: ಆ ಬ್ರಾಕೆಟ್ಟನ್ನು ಗಂಟೆ ಎಣಿಸಿ ನೋಡುವುದು ಬಿಟ್ಟು ಇಳಿದ ಸಲ ಎಣಿಸಿ ನೋಡಬೇಕು. ಹಾಗೆಂದು ನಿಯಮವಾಗಬೇಕು.

ಅವನೇ ದಿಲ್ಲಿಯ ವಿಮಾನಯಾನ ಕಚೇರಿಗೆ ಬರೆದ. ಅವರು ಶಾಲೆಗೆ ಬರೆದು ವಿವರಣೆ ಕೇಳಿದರು. ಶಾಲೆಯವರು ವಿವರಣೆಯ ಜೊತೆ ಆ ಫೋಟೋ ಇಟ್ಟರು. ವಿಮಾನದ ಹೊಟ್ಟೆಯ ಕೆಳಗೆ ಕೂತು, ಕಣ್ಣು ಮುಚ್ಚಿ, ಬೆರಳಿನಿಂದ ಬ್ರಾಕೆಟ್‌ಗೆ ಕುಂಕುಮ ಹಚ್ಚುತ್ತಿರುವ ನನ್ನ ತಮ್ಮ. ‘ತಂತ್ರಜ್ಞರೇ ಸದರಿ ಜಾಗಕ್ಕೆ ಕೆಂಪು ಪುಡಿ ಲೇಪಿಸಿರುವುದು ಚಿತ್ರದಿಂದ ಸ್ಪಷ್ಟವಾಗಿದ್ದು, ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ಉತ್ತರ ಬಂತು. ಮುಂದಿನ ತಿಂಗಳು ಶಾಲೆ ಅವನ ಕರಾರನ್ನು ಮುಂದುವರಿಸಲಿಲ್ಲ.

ಆ ಪತ್ರವನ್ನು ಅವನು ನನಗೆ ಓದಿ ಹೇಳಿದ ದಿನ ನಾನು ದೇವರ ಮುಂದೆ ಕೂತರೂ ಬಹಳ ಹೊತ್ತು ಕುಂಕುಮದ ಬಟ್ಟಲಿಗೆ ಕೈ ಹಾಕಲಾಗಲಿಲ್ಲ. ಹಣೆಗೆ ಇಟ್ಟುಕೊಳ್ಳುವುದನ್ನು ಸುಳ್ಳಿಗೆ ಸಾಕ್ಷಿ ನಿಲ್ಲಿಸಿದರಲ್ಲ ಎಂಬ ಸಂಕಟ ಒಂದು. ಹಚ್ಚಲು ಕಲಿಸಿದವರಲ್ಲಿ ನಾನೂ ಇದ್ದೇನೆ ಎಂಬುದು ಇನ್ನೊಂದು.

ಪಂಪಾಪತಿ ಬಿಡಲಿಲ್ಲ. ಮಸ್ಕಿಯಲ್ಲಿ ಅವನ ಜೊತೆ ಐಟಿಐ ಓದಿದ ಚಾಂದ್‌ಪಾಷಾನ ಲಾರಿಗಳ ಸ್ಪ್ರಿಂಗ್ ಪಟ್ಟಾ ಕಟ್ಟುವ ಶೆಡ್ ಇದೆ. ಒಂದು ಭಾನುವಾರ ಅಲ್ಲಿಗೆ ಹೋದೆವು. ಅವನ ಯೋಚನೆ ಸರಳವಾಗಿತ್ತು. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಗೀರು ಎಳೆದು, ಅದರಲ್ಲಿ ಕುಂಕುಮ ತುಂಬಿ, ತೊಳೆದು, ಬಿಳಿ ಪುಡಿ ಸಿಂಪಡಿಸಿ, ಕೆಂಪು ಬರುತ್ತದೋ ಇಲ್ಲವೋ ತೋರಿಸುವುದು. ಪಕ್ಕದಲ್ಲಿ ನಿಜವಾಗಿ ಬಿರುಕು ಬಿಟ್ಟ ಪಟ್ಟಿ ಇಟ್ಟು ತಪಾಸಣೆಯ ಬಣ್ಣ ಹಚ್ಚಿ ಅದನ್ನೂ ಹಾಗೇ ಮಾಡುವುದು.

ಚಾಂದ್‌ಪಾಷಾ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತ ಕೂತ. “ಯಕ್ಕಾರ, ನಿಮ್ಮ ತಮ್ಮ ಹುಚ್ಚ ಆಗ್ಯಾನ್ರಿ. ಕುಂಕುಮ ಹಚ್ಚತಾನ, ಒರಸ್ತಾನ, ಹಚ್ಚತಾನ, ಒರಸ್ತಾನ.”

“ಬಾಯಿ ಮುಚ್ಚಿ ಸರಿಯಾಗಿ ಹಿಡಿಯಲೇ. ಕೈ ನಡಗಾಕತ್ತದ ನಿಂದು.”

“ನಡಗದೇನ ಮಾಡ್ತದ? ದಿಲ್ಲಿ ಸಾಹೇಬ್ರು ನೋಡೂ ಪಿಚ್ಚರು ಇದು. ಹಿಂದ ಹಗ್ಗದ ಮ್ಯಾಲ ನನ್ನ ಬನೀನು ಕಾಣಾಕತ್ತದ ನೋಡು, ಮೊದಲ ತಗೀತೀನಿ ತಡಿ.” ಬನಿಯನ್ ತೆಗೆದು ಬಂದು ಮತ್ತೆ ಕೂತ. ಆಮೇಲೆ ಗಂಭೀರವಾಗಿಯೇ ಹೇಳಿದ: “ನೋಡ್ರಿ ಯಕ್ಕಾ, ನನ್ನಂಥಾ ಲಾರಿ ಮಿಸ್ತ್ರೀಗೂ ಗೊತ್ತದ. ಹೆದ್ದಾರ್ಯಾಗ ಓಡೂ ಲಾರಿ ಪಟ್ಟಾ ವರ್ಸಾನಗಟ್ಟಲೆ ಬಾಳ್ತದ. ಕಾಲುವಿ ದಂಡಿ ಮ್ಯಾಲ ಭತ್ತ ಹೇರೂ ಲಾರೀದು ಆರು ತಿಂಗಳಿಗೆ ಖತಮ್. ನಾ ಗಿರಾಕೀಗೆ ಕಿಲೋಮೀಟರ್ ಕೇಳಾಂಗಿಲ್ಲ. ಯಾ ದಾರೀಲೆ ಓಡಸ್ತೀಯಪ ಅಂತ ಕೇಳ್ತೀನಿ.”

ಕುಂಕುಮದ ಗೀರಿನಿಂದ ಐದು ಸಲದಲ್ಲಿ ಒಂದು ಸಲವೂ ಕೆಂಪು ಮೇಲೆ ಬರಲಿಲ್ಲ. ಬಿರುಕಿನ ಪಟ್ಟಿಯಲ್ಲಿ ಐದು ಸಲವೂ ಬಂತು. ವಿಡಿಯೋ ಕಳಿಸಿದೆವು. ಎರಡು ತಿಂಗಳ ಮೇಲೆ ಎರಡು ಸಾಲಿನ ಉತ್ತರ: ಮಾನ್ಯತೆ ಪಡೆದ ಕೇಂದ್ರದಲ್ಲಿ ನಡೆಯದ ಪರೀಕ್ಷೆಯನ್ನು ಪರಿಗಣಿಸಲಾಗುವುದಿಲ್ಲ. ಮಾನ್ಯತೆ ಪಡೆದ ಕೇಂದ್ರಕ್ಕೆ ಫೋನ್ ಮಾಡಿದರೆ, ಯಾವ ಸಂಸ್ಥೆಯ ಪರವಾಗಿ ಕೇಳುತ್ತಿದ್ದೀರಿ, ಪತ್ರ ತನ್ನಿ ಎಂದರು. ಸಂಸ್ಥೆ ಎಲ್ಲಿಂದ ತರುವುದು? ಅವನು ಗಿರಣಿಯ ಮಿಸ್ತ್ರಿ.

ಹೋದ ಬೇಸಿಗೆಯಲ್ಲಿ ಒಂದು ಬಾಗಿಲು ತೆರೆದಂತಾಯಿತು. ಆ ಮಾದರಿಯ ವಿಮಾನಗಳ ಬಿರುಕು ತಪಾಸಣೆಗೆ ದಿಲ್ಲಿಯ ಕಚೇರಿ ಹೊಸ ನಿಯಮದ ಕರಡು ಹೊರಡಿಸಿ, ಮೂವತ್ತು ದಿನದೊಳಗೆ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು ಎಂದಿತು. ಕರಡಿನಲ್ಲೂ ಸಾವಿರ ಗಂಟೆಯೇ ಇತ್ತು. ಪಂಪಾಪತಿ ಗಿರಣಿಗೆ ರಜೆ ಹಾಕಿ ಬರೆಯಲು ಕೂತ. ಗೆರೆಯನ್ನು ಕಣ್ಣಾರೆ ಕಂಡ ಇನ್ನೊಬ್ಬನ ಹೇಳಿಕೆ ಇದ್ದರೆ ಬಲ ಬರುತ್ತದೆ ಎಂದು ಜಾವೀದನನ್ನು ಕೇಳಲು ಲಿಂಗಸುಗೂರಿಗೆ ಹೊರಟ. ಸಿಟ್ಟಿನಲ್ಲಿ ಮಾತು ಕೆಡಿಸಿಯಾನು ಎಂದು ನಾನೂ ಬಸ್ ಹತ್ತಿದೆ. ಜಾವೀದ್ ತಂಗಿಯ ನಿಶ್ಚಿತಾರ್ಥಕ್ಕೆಂದು ಊರಿಗೆ ಬಂದಿದ್ದ.

ಅವನ ತಾಯಿ ಮಾಸುಂಬಿ ಚಹಾ ಕೊಟ್ಟರು. ಜಾವೀದ್ ಕಾಗದವನ್ನು ಎರಡು ಸಲ ಓದಿ ಮಡಿಚಿ ತೊಡೆಯ ಮೇಲಿಟ್ಟುಕೊಂಡ.

“ಇದರಾಗ ಒಂದು ಅಕ್ಷರ ಸುಳ್ಳಿಲ್ಲಣ್ಣ.”

“ಹಂಗಾದ್ರ ದಸ್ಕತ್ತು ಹಾಕು.”

“ಲೈಸೆನ್ಸ್ ಪರೀಕ್ಷಾ ಐತಣ್ಣ ನಂದು. ಇಷ್ಟು ವರ್ಷ ಕೆಲಸ ಮಾಡ್ಯಾನ ಅಂತ ಶಿವಪ್ರಸಾದ ಸರ್ ಬರದು ಕೊಡಬೇಕು. ಅವರು ಕೊಡಲಿಲ್ಲಂದ್ರ ಕುಂದರಾಕ ಬಿಡಂಗಿಲ್ಲ.”

“ಕಲಿಯೋ ಹುಡುಗ್ರು ಹಾರ್ತಾರಲೇ ಅದರಾಗ! ಒಂದು ದಿನ ಕಾಲು ಮುರದು ರೆಕ್ಕಿ ನೆಲಕ್ಕ ಬಡೀತಂದ್ರ?”

“ನಾನೂ ದಿನಾ ಅಲ್ಲೇ ನಿಂತಿರ್ತೀನಣ್ಣ. ಇಳಿಯೂ ಹೊತ್ತಿಗೆ ಎಡಗಾಲ ಕಡೆ ಕಣ್ಣು ಇಟ್ಟಿರ್ತೀನಿ.”

“ನಿನ್ನ ಕಣ್ಣು ತಡೀತದೇನೋ ಅದನ್ನ?”

ನಾನು ತಮ್ಮನ ಮೊಣಕೈ ಹಿಡಿದೆ. ಬಾಗಿಲಲ್ಲಿ ನಿಂತಿದ್ದ ಮಾಸುಂಬಿ ಮೆಲ್ಲಗೆ ಹೇಳಿದರು: “ಪಂಪಣ್ಣಾರ, ನೀವು ಹೇಳೂದು ಖರೇನ ಇರಬೌದ್ರಿ. ಆದ್ರ ನಿಮ್ಮಂಗ ಇವನೂ ಹೊರಗ ಬಂದ್ರ, ಅಲ್ಲಿ ಆ ಕಾಲಿನ ಕಡೆ ನೋಡಾವ್ರು ಯಾರದಾರ್ರಿ?”

ಪಂಪಾಪತಿ ಚಹಾದ ಲೋಟ ಕೆಳಗಿಟ್ಟ. ಕಾಗದ ತೆಗೆದುಕೊಂಡು ಎದ್ದ. ಬಸ್ಸಿನಲ್ಲಿ ಮಸ್ಕಿ ದಾಟುವವರೆಗೂ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದು ಕೂತಿದ್ದವನು ಒಮ್ಮೆಲೇ, “ಅಂಜುಬುರುಕ” ಎಂದ. ಸಿಂಧನೂರಿನಲ್ಲಿ ಇಳಿಯುವಾಗ, “ಅವರವ್ವ ಕೇಳಿದ್ದು ಬರಾಬರಿ ಐತಿ” ಎಂದ.

ಅಭಿಪ್ರಾಯವನ್ನು ಅವನೊಬ್ಬನೇ ಬರೆದ. ಎಂಟು ಪುಟ. ಏಳೂವರೆ ಪುಟ ಇಳಿತದ ಲೆಕ್ಕ: ತರಬೇತಿ ವಿಮಾನ ಎಷ್ಟು ಸಲ ಇಳಿಯುತ್ತದೆ, ಬಿರುಕು ಎಷ್ಟರಲ್ಲಿ ಹುಟ್ಟಬಹುದು, ಎಷ್ಟು ಇಳಿತಕ್ಕೊಮ್ಮೆ ನೋಡಬೇಕು. ಕೊನೆಯ ಅರ್ಧ ಪುಟದಲ್ಲಿ ತನ್ನ ತಪ್ಪನ್ನು ಬರೆದುಕೊಂಡ. ‘ತಪಾಸಣೆಯಾಗಬೇಕಾದ ಭಾಗಕ್ಕೆ ಪೂಜೆಯ ದಿನ ನಾನೇ ಕುಂಕುಮ ಹಚ್ಚಿದೆ. ಅದರಿಂದ ನಿಜವಾದ ಬಿರುಕನ್ನು ಅಲ್ಲಗಳೆಯಲು ಅವಕಾಶವಾಯಿತು. ಇನ್ನು ಯಾರೂ ಹಾಗೆ ಮಾಡಬಾರದು.’

ಗಂಗಾದೇವಿ ಅದನ್ನು ಓದಿ ಸಿಡುಕಿದಳು. “ನಿಮ್ಮ ಕೊಳ್ಳಿಗೆ ನೀವ ಹಗ್ಗ ಹಾಕ್ಕೊಂಡು ದಿಲ್ಲೀಗೆ ಕಳಸಾಕತ್ತೀರಲ್ಲ! ತಪ್ಪು ಮುಚ್ಚಿಟ್ಟಾವ್ರು ಕುರ್ಚಿ ಮ್ಯಾಲ ಕುಂತಾರ.”

“ನಾ ಬರೀಲಿಲ್ಲಂದ್ರ ಅವರು ಬರದದ್ದೂ ನಾ ಬರದದ್ದೂ ಒಂದ ಆಗ್ತದ” ಎಂದನವನು.

ಹೋದ ವಾರ ಅಂತಿಮ ನಿಯಮ ಹೊರಬಿತ್ತು. ಗಿರಣಿಯ ಊಟದ ಬಿಡುವಿನಲ್ಲಿ ಮನೆಗೆ ಬಂದು ಮೊಬೈಲಿನಲ್ಲಿ ಓದಿದ. ನಾನು ಅವನ ಎದುರಿಗೆ ಕೂತಿದ್ದೆ. ‘ಇಳಿತಗಳ ಸಂಖ್ಯೆಯ ದಾಖಲೆ ಸಂಸ್ಥೆಗಳಲ್ಲಿ ಲಭ್ಯವಿಲ್ಲದ ಕಾರಣ ಹಾರಾಟದ ಗಂಟೆಯ ಲೆಕ್ಕವನ್ನೇ ಮುಂದುವರಿಸಲಾಗಿದೆ.’ ಸಾವಿರ ಗಂಟೆ ಸಾವಿರ ಗಂಟೆಯಾಗಿಯೇ ಉಳಿಯಿತು. ಕೆಳಗೆ ಒಂದು ಹೊಸ ಸಾಲು ಸೇರಿತ್ತು: ‘ಸಮಾರಂಭಗಳ ಸಂದರ್ಭದಲ್ಲಿ ವಿಮಾನದ ಭಾಗಗಳಿಗೆ ಕುಂಕುಮ, ಅರಿಶಿನ, ಎಣ್ಣೆ ಮುಂತಾದವನ್ನು ಲೇಪಿಸತಕ್ಕದ್ದಲ್ಲ.’

ಗಂಗಾದೇವಿ ನಗಬಾರದೆಂದು ಸೆರಗು ಬಾಯಿಗಿಟ್ಟುಕೊಂಡರೂ ನಗು ಬಂತು. ಪಂಪಾಪತಿ ತಟ್ಟೆಯನ್ನು ದೂರ ತಳ್ಳಿದ.

“ಏಳೂವರೆ ಪುಟ ಯಕ್ಕಾ! ಏಳೂವರೆ ಪುಟ ಯಾರೂ ಓದಿಲ್ಲ. ಅರ್ಧ ಪುಟ ಓದ್ಯಾರ. ದಾಖಲೆ ಇಲ್ಲಂತ. ಇಡ್ರಿ ಅಂತ ಒಂದು ಮಾತು ಬರದ್ರ ಇಡತಾರಲ್ಲ! ಬರಿಯಾವ್ರು ಅವರ, ಇಲ್ಲ ಅನ್ನಾವ್ರೂ ಅವರ.”

“ಇನ್ನ ಮ್ಯಾಲ ಗೆರಿ ಬಂದ್ರ ಕುಂಕುಮ ಅಂತ ಯಾರೂ ಅನ್ನಂಗಿಲ್ಲಲ್ಲಪ್ಪ” ಎಂದೆ ನಾನು. ಸಮಾಧಾನಕ್ಕೆ ಹೇಳಿದ ಮಾತಲ್ಲ, ನನಗೆ ಹಾಗೇ ಅನ್ನಿಸಿತ್ತು.

“ಅನ್ನಂಗಿಲ್ಲ ಖರೆ. ಆದ್ರ ನೋಡೂದು ಯಾವಾಗ? ನನ್ನ ಲೆಕ್ಕದಾಗ ಎರಡನೇ ನಂಬರಿಂದು ಇನ್ನಾ ಆರುನೂರು ತಾಸು ಉಳದದ. ನಾಲ್ಕು ಸಾವಿರದ ಇನ್ನೂರು ಏಟು! ಅಲ್ಲೀತನಕ?”

ಅಷ್ಟು ಹೇಳಿ ಅವನು ಜಾವೀದನಿಗೆ ಫೋನ್ ಮಾಡಿದ. ಲಿಂಗಸುಗೂರಿನಿಂದ ಬಂದ ಮೇಲೆ ಇದೇ ಮೊದಲು. ಸ್ಪೀಕರಿಗೆ ಹಾಕಿ ನಡುವೆ ಇಟ್ಟ.

“ಲೈಸೆನ್ಸ್ ಬಂತಣ್ಣ, ಹೋದ ತಿಂಗಳ” ಎಂದ ಜಾವೀದ್, ಅಳುಕುತ್ತ. “ನಿಮಗ ಹೇಳಬೇಕಂತಿದ್ದೆ. ಮುಖ ಇರಲಿಲ್ಲ.”

“ಅಂದ್ರ ಪುಸ್ತಕದಾಗ ದಸ್ಕತ್ತು ಮಾಡಾಂವ ಈಗ ನೀನ. ಎರಡನೇ ನಂಬರಿನ ಬ್ರಾಕೆಟ್ ನೋಡು.”

“ರೂಲ್ ಪ್ರಕಾರ ಇನ್ನಾ ಆರುನೂರು ತಾಸು ಐತಲ್ಲಣ್ಣ.”

“ಅದಕ್ಕೂ ಮೊದಲ ನೋಡಬಾರದು ಅಂತ ರೂಲಿನಾಗ ಎಲ್ಲಿ ಐತಿ, ಓದಿ ಹೇಳಲೇ!”

ಆ ಕಡೆಯಿಂದ ವಿಮಾನದ ಸದ್ದು ಹತ್ತಿರ ಬಂದು ದೂರ ಹೋಯಿತು. ಜಾವೀದ್ ಹೇಳಿದ: “ಬುಧವಾರ ಟೈರ್ ಬದಲಿ ಐತಿ ಅದಕ್ಕ. ವಿಮಾನ ಜಾಕ್ ಮ್ಯಾಲ ನಿಂತಿರ್ತದ, ಆಗಷ್ಟ ಬ್ರಾಕೆಟ್ ಪೂರಾ ನೋಡಾಕ ಬರ್ತದ. ಸರ್‌ಗೆ ಒಂದು ಮಾತು ಕೇಳಿ...”

ಪಂಪಾಪತಿ ಫೋನ್ ಕತ್ತರಿಸಿ ಗಿರಣಿಗೆ ಹೋದ.

ಬುಧವಾರ ನಾನು ಬೆಳಗಿನ ಪೂಜೆಯಲ್ಲಿ ಎರಡನೇ ನಂಬರಿನ ವಿಮಾನವನ್ನು ನೆನೆದೆ. ದೇವರಿಗೆ ಏನೆಂದು ಕೇಳಬೇಕು ಎಂಬುದೇ ತಿಳಿಯಲಿಲ್ಲ. ಗೆರೆ ಬರಲಿ ಎಂದು ಬೇಡುವುದು ಹೇಗೆ? ಬರದಿರಲಿ ಎಂದರೆ ಇವನ ಮಾತು ಯಾರು ಕೇಳುತ್ತಾರೆ? ಕೊನೆಗೆ, ಆ ಹುಡುಗ ನೋಡಲಿ ಎಂದಷ್ಟೇ ಕೇಳಿಕೊಂಡೆ.

ಮಧ್ಯಾಹ್ನ ಪಂಪಾಪತಿ ಊಟಕ್ಕೆ ಬಂದಾಗ ಜಾವೀದನೇ ಫೋನ್ ಮಾಡಿದ. ಇವನು ಮತ್ತೆ ಸ್ಪೀಕರಿಗೆ ಹಾಕಿದ.

“ನೋಡಿದೆ ಅಣ್ಣ. ಎರಡೂ ಕಡೆ. ಗೆರಿ ಇಲ್ಲ, ಸ್ವಚ್ಛ ಐತಿ.”

“ಸರ್ ಏನಂದ್ರು?”

“ಕೇಳಲಿಲ್ಲಣ್ಣ. ಮಾಡಿಬಿಟ್ಟೆ.”

“ಪುಸ್ತಕದಾಗ?”

“ಬರದೀನಿ. ತಾಸಿನ ಪಕ್ಕಕ್ಕ, ಎಷ್ಟು ಸಲ ಇಳದದ ಅದನ್ನೂ ಬರದೀನಿ. ಹಾರಿಸಾವ್ರ ಡೈರಿ ನೋಡಿ ಲೆಕ್ಕ ಹಾಕಿದೆ. ಹೋದ ತಪಾಸಣಿಯಿಂದ ಈಚಿಗೆ ಮೂರು ಸಾವಿರದ ಮ್ಯಾಲ ಆಗ್ಯಾವು.”

ಪಂಪಾಪತಿ ಫೋನನ್ನು ಹತ್ತಿರ ಎಳೆದುಕೊಂಡ. ಗಂಗಾದೇವಿ ಅಡುಗೆಮನೆಗೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು. ಇಷ್ಟು ದಿನದಲ್ಲಿ ಇಳಿತದ ಲೆಕ್ಕ ಒಂದು ದಾಖಲೆ ಪುಸ್ತಕದೊಳಗೆ ಹೋದದ್ದು ಇದೇ ಮೊದಲು. ಅವನ ಮುಖ ಸ್ವಲ್ಪ ಸಡಿಲಾಯಿತೆಂದು ನನಗೆ ಅನ್ನಿಸುವಷ್ಟರಲ್ಲಿ ಹುಬ್ಬು ಮತ್ತೆ ಗಂಟಿಕ್ಕಿತು.

“ಮೂರನೇ ನಂಬರಿಗೆ ಹೊಸದು ಐತಿ, ಎರಡನೇದ್ದು ಆತು. ಉಳಿದ ಮೂರು ಯಾವಾಗ ನೋಡ್ತಿ?”

“ಅವು ಜಾಕ್ ಮ್ಯಾಲ ಏರಬೇಕಲ್ಲಣ್ಣ” ಎಂದ ಜಾವೀದ್. “ಅವುಗಳ ಟೈರ್ ಇನ್ನಾ ಸವದಿಲ್ಲ.”